ಮೊದಲು ಹೆಸರು, ಆಮೇಲೆ ಕೆಲಸ

ಕೊರ್ಲಿಮ್
ಗೋವಾ, 9 ಫೆಬ್ರುವರಿ 2009

ನೇತ್ರಾ,

ಈ ಎಂಟು ತಿಂಗಳಲ್ಲಿ ನಿನಗೆ ಎಷ್ಟು ಸಲ ಫೋನ್ ಮಾಡಿದೆನೋ ನೆನಪಿಲ್ಲ. ನನ್ನ ದನಿ ಕೇಳುತ್ತಲೇ ಇಟ್ಟುಬಿಡುತ್ತೀ. ಅಂಗಡಿಯ ನಂಬರಿಗೆ ಮಾಡಿದರೆ ನಿನ್ನ ಅಪ್ಪಾಜಿ ಎತ್ತಿ, "ಆಕಿ ಇಲ್ಲವ್ವಾ" ಅನ್ನುತ್ತಾರೆ. ಅವರ ಹಿಂದೆ ನೀನು ಗಿರಾಕಿಯ ಜೊತೆ ಮಾತಾಡುವುದು ನನಗೆ ಸ್ಪಷ್ಟವಾಗಿ ಕೇಳಿಸುತ್ತಿರುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಹರಿದು ಹಾಕುವುದಾದರೆ ಪೂರ್ತಿ ಓದಿ ಹರಿ.

ಹೋದ ವಾರ ಆನಂದ ಸರ್ ಹಳೆಯ ಸಿ.ಡಿ.ಗಳ ಕಪಾಟು ಸ್ವಚ್ಛ ಮಾಡಲು ಹೇಳಿದರು. ದಿನಾ ಸಂಜೆ ಆಫೀಸಿನ ಎಲ್ಲ ಪ್ರೋಗ್ರಾಂಗಳನ್ನೂ ಸಿ.ಡಿ.ಗೆ ಇಳಿಸಿಡುತ್ತಿದ್ದೆವಲ್ಲ, ಅವು. ಕಳೆದ ಜೂನ್ ಹತ್ತರದ್ದು ಮತ್ತು ಹನ್ನೆರಡರದ್ದು ಒಂದರ ಪಕ್ಕ ಒಂದು ಇದ್ದವು, ನಡುವಿನ ಹನ್ನೊಂದರದ್ದು ಇರಲಿಲ್ಲ. ಎರಡನ್ನೂ ತೆರೆದು ಕುಂಕಳ್ಳಿಯ ಔಷಧ ಕಾರ್ಖಾನೆಗೆ ನಾವು ಮಾಡಿಕೊಟ್ಟ ಲೇಬಲ್ ಪ್ರೋಗ್ರಾಂ ನೋಡಿದೆ. ಮಕ್ಕಳ ಕೆಮ್ಮಿನ ಸಿರಪ್ಪಿನ ಬಾಟಲಿಗಳ ಮೇಲೆ ದೊಡ್ಡವರ ಔಷಧದ ಲೇಬಲ್ ಅಂಟಿಸಿದ ಪ್ರೋಗ್ರಾಂ. ನಿನ್ನ ಕೆಲಸ ಕಳೆದ ಪ್ರೋಗ್ರಾಂ.

ಎಲ್ಲರೂ ಬೆರಳು ತೋರಿಸಿದ್ದು ನೀನು ಬರೆದ ಸಾಲಿನ ಕಡೆಗೆ. ಆ ಸಾಲು ಎರಡೂ ಸಿ.ಡಿ.ಗಳಲ್ಲಿ ಅಕ್ಷರ ಅಕ್ಷರ ಒಂದೇ ಇದೆ. ನೀನು ಅದನ್ನು ಮುಟ್ಟಿಯೇ ಇಲ್ಲ. ಹನ್ನೆರಡರ ಸಿ.ಡಿ.ಯಲ್ಲಿ ಮಾತ್ರ ಹದಿನಾಲ್ಕು ಹೊಸ ಸಾಲುಗಳಿವೆ. ಬರೆದವರ ಹೆಸರಿಲ್ಲ, ಹನ್ನೊಂದನೇ ತಾರೀಖು ಇದೆ. ಟಿಪ್ಪಣಿಯಲ್ಲಿ 'ಅರ್ಜೆಂಟ್' ಅನ್ನುವ ಪದಕ್ಕೆ ಎರಡು 'ಜಿ' ಹಾಕಿದ್ದಾರೆ. ಹಾಗೆ ಬರೆಯುವವರು ನಮ್ಮ ಆಫೀಸಿನಲ್ಲಿ ಒಬ್ಬರೇ. ಯಾರೆಂದು ನಿನಗೂ ಗೊತ್ತು.

ಇನ್ನೊಂದು ಮಾತು. ಅಂದು, ಹನ್ನೆರಡಕ್ಕೆ, ಆನಂದ ಸರ್ ಎಲ್ಲರ ಮುಂದೆ ನನ್ನನ್ನು ಕೇಳಿದ್ದರು: "ನಿನ್ನೆ ನೇತ್ರಾ ಈ ಫೈಲ್ ಮುಟ್ಟಿದ್ಲೇನು?" ಹಿಂದಿನ ದಿನವೆಲ್ಲ ನೀನು ನನ್ನ ಪಕ್ಕದಲ್ಲಿ ಕೂತು ಬೇರೆ ಕೆಲಸ ಮಾಡಿದ್ದೆ. ನನಗೆ ಗೊತ್ತಿತ್ತು. ಆದರೂ "ಗೊತ್ತಿಲ್ರಿ ಸರ್" ಅಂದೆ. ನೌಕರಿ ಕಾಯಂ ಆಗಿ ಮೂರು ತಿಂಗಳಾಗಿತ್ತು, ಹೆದರಿಕೆಯಾಗಿತ್ತು. ಕಾರಣ ಹೇಳುತ್ತಿದ್ದೇನೆ ಅಷ್ಟೇ, ಅದು ಸರಿ ಎನ್ನುತ್ತಿಲ್ಲ.

ಅಂಬಿಕಾ


ವಾಳಪೈ
2 ಮಾರ್ಚ್ 2009

ಅಂಬಿಕಾ ಅವರೆ,

ನಿಮ್ಮ ಕಾಗದ ತಲುಪಿತು. ನಾನು ತಪ್ಪು ಮಾಡಿಲ್ಲ ಎಂಬುದು ನನಗೆ ಆವತ್ತೇ ಗೊತ್ತಿತ್ತು. ನಿಮಗೂ ಗೊತ್ತಿತ್ತು. ಈಗ ಸಿ.ಡಿ.ಗೂ ಗೊತ್ತಾಯಿತು. ಇದರಿಂದ ಇಲ್ಲಿ ಏನೂ ಬದಲಾಗುವುದಿಲ್ಲ.

ಇಲ್ಲಿ ಏನಾಗಿದೆ ಎಂದು ನೀವು ಕೇಳಿಲ್ಲ, ಆದರೂ ಬರೆಯುತ್ತೇನೆ. ಕಾರ್ಖಾನೆಯಲ್ಲಿ ಕೆಲಸ ಮಾಡುವ ಯಾರೋ ಊರಿಗೆ ಸುದ್ದಿ ತಂದರು. ಬಾಯಿಂದ ಬಾಯಿಗೆ ಹೋಗುತ್ತ ಅದು "ಮಕ್ಕಳ ಔಷಧದಾಗ ಬ್ಯಾರೆ ಔಷಧ ಕೂಡಿಸಿದ ಹುಡುಗಿ" ಎಂದಾಯಿತು. ನಮ್ಮ ಅಂಗಡಿಗೆ ಇಪ್ಪತ್ತು ವರ್ಷದಿಂದ ಬರುವ ಮಂಗಿಬಾಯಿ ಮೊಮ್ಮಗುವಿಗೆ ಹಾಲಿನ ಪುಡಿಯ ಡಬ್ಬಿ ಕೇಳಿದಳು. ಅಪ್ಪಾಜಿ ಕೊಟ್ಟರು. ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ನಿಮ್ಮ ಮಗಳು ಮುಟ್ಟ್ಯಾಳೇನ್ರಿ?" ಅಂದಳು. ಅಪ್ಪಾಜಿ ಡಬ್ಬಿಯನ್ನು ವಾಪಸು ತೆಗೆದುಕೊಂಡು ಕಪಾಟಿನಲ್ಲಿಟ್ಟರು. ಅಂದು ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ನಿಮ್ಮ ಹುಡುಕಾಟ ನಿಮಗಿರಲಿ. ದಯವಿಟ್ಟು ಫೋನ್ ಮಾಡಬೇಡಿ.

ನೇತ್ರಾ

ಆ ಹದಿನಾಲ್ಕು ಸಾಲುಗಳು ನನ್ನ ಸಾಲಿನ ಮೇಲೆ ಇವೆಯೋ, ಕೆಳಗೋ? ಆ ತುಂಡಿಗೆ ಅವರು ಇಟ್ಟ ಹೆಸರೇನು?


ಕೊರ್ಲಿಮ್
7 ಮಾರ್ಚ್ 2009

ನೇತ್ರಾ,

ಮೇಲೆ. ಹೆಸರು 'ನ್ಯೂ'.

ನೀನು ಇದನ್ನು ಕೇಳಿದ ಕ್ಷಣಕ್ಕೇ ಉತ್ತರ ಹೊಳೆದಿರಬೇಕು. ನನಗೆ ಎರಡು ದಿನ ಬೇಕಾಯಿತು. ನೀನು ಬರೆದದ್ದು 'ನ್ಯೂ ಲೇಬಲ್'. ನಿನ್ನ ಅರ್ಥ, ಲೇಬಲ್ ವಿಭಾಗವೇ, ಹೊಸದೊಂದನ್ನು ಮಾಡಿಕೊಡು ಎಂದು. ನಾವು ಪ್ರೋಗ್ರಾಂ ಬರೆಯುವ ಪರ್ಲ್ ಭಾಷೆ ಹಾಗೆ ಬರೆಯಲು ಬಿಡುತ್ತದೆ. ಆದರೆ ಆನಂದ ಸರ್ ಅದೇ ಫೈಲಿನಲ್ಲಿ 'ನ್ಯೂ' ಎಂಬ ಹೆಸರಿನ ಬೇರೊಂದು ಕೆಲಸವನ್ನೇ ಹುಟ್ಟುಹಾಕಿದರು. ಅದು ಹೊಸ ಪೆಟ್ಟಿಗೆಯ ಎಣಿಕೆ ಶುರುಮಾಡಿ, ಆಗ ಕೈಯಲ್ಲಿದ್ದ ಲೇಬಲ್ಲನ್ನೇ ತಿರುಗಿ ಕೊಡುವ ಕೆಲಸ. ಅಂದಿನಿಂದ ಯಂತ್ರ ನಿನ್ನ ಸಾಲನ್ನು ಬೇರೆ ಥರ ಓದಿತು: 'ನ್ಯೂ' ಕೆಲಸವನ್ನು ಮಾಡು, ಅದಕ್ಕೆ 'ಲೇಬಲ್' ಎಂಬ ಪದವನ್ನು ಕೊಡು. ಹೊಸ ಲೇಬಲ್ ಹುಟ್ಟಲೇ ಇಲ್ಲ. ಹಿಂದಿನ ಔಷಧದ ಲೇಬಲ್ಲೇ ಸಿರಪ್ಪಿನ ಮೇಲೆ ಬಿತ್ತು. 'ಹೊಸ ಅಂಗಡಿಯ ಬಾಗಿಲು' ಅಂದರೆ ಹೊಸದು ಅಂಗಡಿಯೋ ಬಾಗಿಲೋ? ಕೇಳಿದವರು ಊಹಿಸಿಕೊಳ್ಳಬೇಕು. ಯಂತ್ರವೂ ಊಹಿಸುತ್ತದೆ. ತಪ್ಪಿದರೆ ಅದಕ್ಕೆ ತಪ್ಪಿದ್ದೇ ಗೊತ್ತಾಗುವುದಿಲ್ಲ.

ಇದನ್ನು ಅವ್ವನಿಗೆ ವಿವರಿಸಿದೆ. ಆಕೆ ಕಟ್ಟಡದ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದಳು. ನನ್ನ ಅವ್ವ ಹುಲಿಗೆವ್ವನಿಗೆ ಸಹಿ ಮಾಡಲೂ ಬರುವುದಿಲ್ಲ ಎಂದು ನಿನಗೆ ಗೊತ್ತು. ಕೇಳಿ ನಕ್ಕಳು.

"ಸೈಟಿನ್ಯಾಗ ಸುಮ್ಮ 'ಇಟ್ಟಂಗಿ ಕೊಡು' ಅಂತ ಒದರಿದ್ರ ಯಾರು ಕೊಡಬೇಕು? ಹತ್ತ ಮಂದಿ ನಿಂತಿರ್ತಾರ. ನಾನಪ್ಪ ಅನ್ನಾಂವ ಕೊಡಬೇಕಾದ್ರ 'ನಾನಪ್ಪಾ, ಇಟ್ಟಂಗಿ ಕೊಡು' ಅನ್ನಬೇಕು. ಹೆಸರು ಮದ್ಲ, ಕೆಲಸ ಆಮ್ಯಾಲ. ಇಷ್ಟೂ ತಿಳಿಯೂದಿಲ್ಲೇನು ನಿಮ್ಮ ಸಾಹೇಬಗ?"

ನಾನು ಎದ್ದು ಆಕೆಯ ಒದ್ದೆ ಕೈ ಹಿಡಿದುಕೊಂಡೆ. ಪರ್ಲ್‌ನಲ್ಲಿ ಬರೆಯುವ ಇನ್ನೊಂದು ರೀತಿ ಇದೆಯಲ್ಲ, ಮೊದಲು 'ಲೇಬಲ್', ಆಮೇಲೆ ಬಾಣದ ಗುರುತು, ಆಮೇಲೆ 'ನ್ಯೂ', ಅದು ಇದೇ ತಾನೆ? ಹಾಗೆ ಬರೆದರೆ ಊಹೆಗೆ ಜಾಗವೇ ಇಲ್ಲ.

ಪ್ರೋಗ್ರಾಂ ಓಡಿಸದೆ, ಬರೀ ಅದರ ಬರಹವನ್ನು ಓದಿ ಇಂಥ ಸಾಲುಗಳನ್ನು ಹಿಡಿಯುವ ಒಂದು ಪರೀಕ್ಷಕವನ್ನು ಬರೆಯಲು ಶುರುಮಾಡಿದ್ದೇನೆ. ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಯಾರಿಗೂ ಹೇಳದೆ. ಮೊದಲ ಸಲ ಓಡಿಸಿದಾಗ ಅದು ಹಿಡಿದ ಸಾಲುಗಳನ್ನೆಲ್ಲ ಮುದ್ರಿಸಿ ಇದರ ಜೊತೆ ಕಳಿಸಿದ್ದೇನೆ. ನೋಡುವುದು ಬಿಡುವುದು ನಿನ್ನ ಇಷ್ಟ.

ಅಂಬಿಕಾ


ವಾಳಪೈ
3 ಏಪ್ರಿಲ್ 2009

ಅಂಬಿಕಾ,

ಹಾಳೆಗಳನ್ನು ವಾಪಸು ಕಳಿಸಿದ್ದೇನೆ. ಬೇಳೆ ತೂಗುವ ನಡುನಡುವೆ ನೋಡಿದ್ದರಿಂದ ನಾಲ್ಕನೆಯ ಪುಟಕ್ಕೆ ಬೆಲ್ಲ ಅಂಟಿದೆ, ಕ್ಷಮಿಸಿ. ಕೆಂಪು ಪೆನ್ಸಿಲಿನಲ್ಲಿ ಗುರುತು ಮಾಡಿದವು ನಿಮ್ಮ ಪರೀಕ್ಷಕ ಸುಮ್ಮನೆ ಕೂಗಾಡಿದ ಜಾಗಗಳು. ಕಾರ್ಖಾನೆಯ ಗಿರಾಕಿಯೊಬ್ಬರ ವಿಳಾಸ ನ್ಯೂ ದೆಹಲಿ. ಆ ದೆಹಲಿಯನ್ನೂ ಅದು ತಪ್ಪೆಂದು ಹಿಡಿದು ನಿಲ್ಲಿಸಿದೆ. ಓದಿ ನಗು ಬಂತು. ಅಪ್ಪಾಜಿ, "ಏನವ್ವಾ, ಯಾಕ ನಗಾಕತ್ತೀ?" ಅಂದರು. ನಾನು ನಕ್ಕು ಬಹಳ ದಿನವಾಗಿತ್ತಂತೆ.

ಉದ್ಧರಣ ಚಿಹ್ನೆಗಳ ಒಳಗಿನದನ್ನೂ ಟಿಪ್ಪಣಿಗಳನ್ನೂ ಮೊದಲೇ ಬದಿಗಿಡಬೇಕು. ಅದು ಸಣ್ಣ ವಿಷಯ. ದೊಡ್ಡದು ಇದು: ನೀನು 'ನ್ಯೂ' ಒಂದನ್ನೇ ಹುಡುಕುತ್ತಿದ್ದೀ. ಯಾವ ಕ್ರಿಯಾಪದವನ್ನಾದರೂ ಹೀಗೆ ಹೆಸರಿನ ಮುಂದೆ ಇಟ್ಟು ಬರೆಯಬಹುದು. ಸರ್‌ಗೆ 'ಕ್ರಿಯೇಟ್', 'ಸ್ಟಾರ್ಟ್', 'ಫೆಚ್' ಎಂದು ಬರೆಯುವ ಅಭ್ಯಾಸವಿದೆ. ಅವೆಲ್ಲ ನಿನ್ನ ಬಲೆಯಿಂದ ಜಾರಿಹೋಗಿವೆ. ಆದರೆ ಆ ಪದಗಳನ್ನು ಪರೀಕ್ಷಕದ ಒಳಗೇ ಹೊಲಿದುಬಿಡಬೇಡ. ಹೊರಗೊಂದು ಪಟ್ಟಿ ಇಡು. ನಾಳೆ ಹೊಸ ಪದ ಬಂದರೆ ಪಟ್ಟಿಗೆ ಒಂದು ಸಾಲು ಸೇರಿಸಿದರಾಯಿತು. ನನಗೆ ನೆನಪಿರುವ ಹನ್ನೊಂದು ಪದಗಳನ್ನು ಹಿಂಬದಿಗೆ ಬರೆದಿದ್ದೇನೆ.

ಹೊಸ ಹಾಳೆಗಳಿದ್ದರೆ ಅಂಗಡಿಯ ವಿಳಾಸಕ್ಕೇ ಕಳಿಸು.

ನೇತ್ರಾ


ಕೊರ್ಲಿಮ್
18 ಮೇ 2009

ನೇತ್ರಾ,

ಪರೀಕ್ಷಕ ಮುಗಿಯಿತು. ನಲವತ್ತೊಂದು ಫೈಲುಗಳು, ಮುನ್ನೂರ ಹದಿನೇಳು ಸಾಲುಗಳು. ನಿನ್ನ ಪಟ್ಟಿಯಿಂದಲೇ ನೂರಕ್ಕಿಂತ ಹೆಚ್ಚು ಸಿಕ್ಕವು. ನ್ಯೂ ದೆಹಲಿ ಬಚಾವಾಯಿತು.

ಆದರೆ ಸುದ್ದಿ ಒಳ್ಳೆಯದಲ್ಲ. ಹೋದ ಶುಕ್ರವಾರ ಧೈರ್ಯ ಮಾಡಿ ಆನಂದ ಸರ್‌ಗೆ ತೋರಿಸಿದೆ. ಜೂನ್ ತಿಂಗಳ ವಿಷಯ ಎತ್ತಲಿಲ್ಲ, ಎತ್ತಲು ಬಾಯಿ ಬರಲಿಲ್ಲ. ಅವರು ಪಟ್ಟಿಯ ಮೇಲೆ ಕಣ್ಣಾಡಿಸಿ ಮೇಜಿನ ಮೇಲಿಟ್ಟರು.

"ಹದಿನೈದು ವರ್ಷ ಆತು, ಹಿಂಗ ಬರ್ಕೊಂತ ಬಂದೀನಿ. ಇದು ಬರಿಯೋ ರೀತಿ ಅಷ್ಟ, ತಪ್ಪಲ್ಲ. ಕೆಲಸ ನಡದೈತಿಲ್ಲೋ?"

"ನಡದೈತ್ರಿ."

"ಮತ್ತ? ಇರೋ ಕೆಲಸ ಬಿಟ್ಟು ಇದನ್ನ್ಯಾಕ ಹಚ್ಕೊಂಡೀ?"

ನಾನು ಬಂದು ಕುರ್ಚಿಯಲ್ಲಿ ಕೂತೆ. ಕಾರ್ಖಾನೆ ಜುಲೈ ಒಂದರಿಂದ ರಕ್ತದೊತ್ತಡದ ಮಾತ್ರೆ ಶುರುಮಾಡುತ್ತಿದೆ. ಒಂದೇ ಮಾತ್ರೆ, ಎರಡು ಪ್ರಮಾಣ, ಒಂದು ಇನ್ನೊಂದರ ಎರಡು ಪಟ್ಟು. ಎರಡೂ ಬೆಳ್ಳಗೆ, ಎರಡೂ ದುಂಡಗೆ. ಬೇರೆ ಇರುವುದು ಲೇಬಲ್ಲಿನ ಬಣ್ಣ ಮತ್ತು ಅಂಕಿ ಮಾತ್ರ. ಆ ಲೇಬಲ್ಲಿನ ಪ್ರೋಗ್ರಾಂ ಸರ್ ಹಳೆಯದರಿಂದಲೇ ಕತ್ತರಿಸಿ ಮಾಡಿದ್ದಾರೆ. ಅದರಲ್ಲಿ ಮೂರು ಕಡೆ ಸಿರಪ್ಪಿನ ದಿನದ ಸ್ಥಿತಿಯೇ ಇದೆ. ಇದು ಗೊತ್ತಿರುವವರು ಇಡೀ ಗೋವಾದಲ್ಲಿ ನಾವಿಬ್ಬರೇ.

ಏನು ಮಾಡಲಿ?

ಅಂಬಿಕಾ


ವಾಳಪೈ
25 ಮೇ 2009

ಅಂಬಿ,

ವಾದ ಮಾಡಬೇಡ. ಪಟ್ಟಿಯನ್ನೂ ತೋರಿಸಬೇಡ. ಲೇಬಲ್ ಮುದ್ರಿಸಿ ಅವರ ಕೈಗೆ ಕೊಡು. ಒಂದು ಯಂತ್ರದಲ್ಲಿ ಆ ಹದಿನಾಲ್ಕು ಸಾಲು ಇರಲಿ, ಇನ್ನೊಂದರಲ್ಲಿ ಬೇಡ. ನನ್ನ ಸಾಲನ್ನು ಎರಡರಲ್ಲೂ ಇದ್ದ ಹಾಗೆಯೇ ಬಿಡು. ಆಮೇಲೆ ಮಾತ್ರೆಯ ಪ್ರೋಗ್ರಾಮಿನಲ್ಲೂ ಅದೇ ಮಾಡು. ಎಲ್ಲರೂ ಇರುವಾಗ ಮಾಡು, ಕೋಣೆಯೊಳಗೆ ಒಬ್ಬಳೇ ಹೋಗಬೇಡ.

ಇದನ್ನು ನನಗಾಗಿ ಹೇಳುತ್ತಿದ್ದೇನೆ ಅಂದುಕೊಳ್ಳಬೇಡ. ನನ್ನ ಅವ್ವ ಮಹಾದೇವಕ್ಕ ದಿನಾ ಬೆಳಿಗ್ಗೆ ಬಿ.ಪಿ. ಮಾತ್ರೆ ನುಂಗುತ್ತಾಳೆ. ಅಕ್ಷರ ಓದುವುದಿಲ್ಲ, ಬಣ್ಣ ನೋಡಿ ತೆಗೆದುಕೊಳ್ಳುತ್ತಾಳೆ.

ನೇತ್ರಾ


ಕೊರ್ಲಿಮ್
21 ಜೂನ್ 2009

ನೇತ್ರಾ, ನೇತ್ರಾ,

ಎಲ್ಲಿಂದ ಶುರುಮಾಡಲಿ! ಇಂದು ಭಾನುವಾರ, ಹೊರಗೆ ಮಳೆ ಹೊಡೆಯುತ್ತಿದೆ, ಕೈ ಇನ್ನೂ ನೋಯುತ್ತಿದೆ. ಐದು ದಿನ ಕೀಲಿಮಣೆ ಬಡಿದ ನೋವು. ಕ್ರಮವಾಗಿ ಹೇಳುತ್ತೇನೆ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲ ಆರು ಜನ ಇದ್ದರು. ನಾನು ಎದ್ದು, "ಸರ್, ಹತ್ತ ನಿಮಿಷ ಬೇಕ್ರಿ" ಅಂದೆ. ಎರಡು ಯಂತ್ರಗಳಲ್ಲೂ ನಿನ್ನ ಸಾಲನ್ನು ತೋರಿಸಿದೆ. ಎರಡರಲ್ಲೂ ಒಂದೇ. ಮೊದಲ ಯಂತ್ರದಿಂದ ದೊಡ್ಡವರ ಔಷಧದ ಲೇಬಲ್, ಆಮೇಲೆ ಮಕ್ಕಳ ಸಿರಪ್ಪಿನ ಲೇಬಲ್ ಸರಿಯಾಗಿ ಬಂದವು. ಎರಡನೆಯದರಿಂದ ದೊಡ್ಡವರದು ಬಂತು. ಆಮೇಲೆ ಮತ್ತೆ ದೊಡ್ಡವರದೇ. ಪಕ್ಕದ ಮೇಜಿನ ಬಾಳು ಬಗ್ಗಿ ನೋಡಿ, "ಅರೇ!" ಅಂದ. ನಾನು ನಿಲ್ಲಿಸಲಿಲ್ಲ. ಮಾತ್ರೆಯ ಪ್ರೋಗ್ರಾಂ ಓಡಿಸಿದೆ. ಕಡಿಮೆ ಪ್ರಮಾಣದ ಲೇಬಲ್ ಬಂತು. ಹೆಚ್ಚು ಪ್ರಮಾಣದ್ದು ಬರಬೇಕಾದ ಜಾಗದಲ್ಲೂ ಕಡಿಮೆಯದೇ ಬಂತು.

ಆನಂದ ಸರ್ ಆ ಚೀಟಿಗಳನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು.

"ಎರಡನೇದರಾಗ ಏನು ಕೂಡಿಸೀದಿ?"

"ಹದಿನಾಕು ಸಾಲು ರೀ. ನಾ ಬರ್ದದ್ದಲ್ಲ. ಹ್ವಾದ ವರ್ಷದ ಸಿ.ಡಿ.ಯಾಗ ಇದ್ದದ್ದ."

"ಯಾರು ಬರ್ದದ್ದು?"

ನಾನು ಪರದೆಯ ಮೇಲಿನ 'ಅರ್ಜೆಂಟ್' ಟಿಪ್ಪಣಿ ತೋರಿಸಿದೆ.

"ನೀವ್ ರೀ ಸರ್. ಜೂನ್ ಹನ್ನೊಂದಕ್ಕ." ಅಷ್ಟು ಹೊರಬಂದ ಮೇಲೆ ಉಳಿದದ್ದು ತಾನಾಗಿ ಬಂತು. "ಆ ದಿನ ನೇತ್ರಾ ಈ ಫೈಲ್ ಮುಟ್ಟಿದ್ದಿಲ್ರಿ. ನನಗ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಕೊಂಡು ನಿಂತೆ. ಇಬ್ಬರದೂ ತಪ್ಪೈತ್ರಿ, ಆಕಿದಿಲ್ಲ."

ನೌಕರಿ ಹೋಯಿತು ಅಂದುಕೊಂಡೆ. ಅವರು ಕುರ್ಚಿ ಎಳೆದು ಕೂತರು. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ.

"ಹುಡುಗಿ ಒಂದ ಮಾತು ಹೇಳಿತ್ತು," ಅಂದರು. "'ಸರ್, ಒಂದ ಸಲ ಪೂರ್ತಿ ಫೈಲ್ ನೋಡ್ರಿ' ಅಂತ. ನಾ ನೋಡ್ಲಿಲ್ಲ."

ಆಮೇಲೆ ಏನಾಯಿತು ಗೊತ್ತೇ? ಅವರೇ ಎದ್ದು ಎಲ್ಲರಿಗೂ ಫೈಲುಗಳನ್ನು ಹಂಚಿದರು. ಮುನ್ನೂರ ಹದಿನೇಳು ಸಾಲುಗಳನ್ನೂ ತಿರುಗಿಸಿ ಬರೆದೆವು, ಮೊದಲು ಹೆಸರು, ಆಮೇಲೆ ಕೆಲಸ. ತಾವು ಬರೆದ ನೂರ ನಲವತ್ತನ್ನು ಸರ್ ತಾವೇ ತಿದ್ದಿದರು. ಒಂದೊಂದು ತಿದ್ದಿದಾಗಲೂ ಪರೀಕ್ಷಕ ಓಡಿಸುತ್ತಿದ್ದೆ. ಇನ್ನೂರು, ಎಂಬತ್ತು, ಹನ್ನೆರಡು. ಶುಕ್ರವಾರ ಮಧ್ಯಾಹ್ನ ಮೂರೂಕಾಲಿಗೆ ಪರದೆಯ ಮೇಲೆ ಸೊನ್ನೆ ಬಂತು. ನೇತ್ರಾ, ಆರು ಜನ ಎದ್ದು ನಿಂತು ಒಂದು ಸೊನ್ನೆಯನ್ನು ನೋಡಿ ಕೂಗಿದೆವು! ಪಕ್ಕದ ಪ್ಯಾಕಿಂಗ್ ಶೆಡ್ಡಿನವರು ಏನಾಯಿತೋ ಎಂದು ಓಡಿಬಂದರು.

ಪರೀಕ್ಷಕ ಸೊನ್ನೆ ಹೇಳುವ ತನಕ ಇನ್ನು ಯಾರ ಪ್ರೋಗ್ರಾಮೂ ಆಫೀಸಿನ ಹೊರಗೆ ಹೋಗುವಂತಿಲ್ಲ. ಸರ್ ಬರೆದದ್ದೂ ಸೇರಿ. ಹಾಗೆಂದು ಗೋಡೆಗೆ ಹಚ್ಚಿ ಅವರೇ ಸಹಿ ಮಾಡಿದ್ದಾರೆ.

ಸಂಜೆ ನನ್ನ ಬಳಿ ನಿಮ್ಮ ಅಂಗಡಿಯ ವಿಳಾಸ ಕೇಳಿದರು. ಕೊಟ್ಟಿದ್ದೇನೆ. ತಪ್ಪಾಗಿದ್ದರೆ ಬೈ.

ಅಂಬಿಕಾ


ವಾಳಪೈ
5 ಜುಲೈ 2009

ಅಂಬಿ,

ಬೈಯುವುದಿಲ್ಲ. ಕೇಳು.

ನಿನ್ನೆ ವಾಳಪೈ ಸಂತೆಯ ಗದ್ದಲ. ಅಂಗಡಿಯ ತುಂಬ ಜನ. ಹನ್ನೊಂದರ ಸುಮಾರಿಗೆ ಆನಂದ ಸರ್ ಬಸ್ಸಿನಿಂದ ಇಳಿದು ಅರ್ಧ ನೆನೆದು ಬಂದರು. ಅಪ್ಪಾಜಿಗೆ ಕೈ ಮುಗಿದು, "ಸೋಮಲಿಂಗಪ್ಪನೋರ, ಒಳಗ ಕುಂತು ಎರಡು ಮಾತಾಡೂಣೇನ್ರಿ?" ಅಂದರು.

ಅಪ್ಪಾಜಿ ತಕ್ಕಡಿ ಕೆಳಗಿಡಲಿಲ್ಲ. "ಯಾಕ್ ಬಂದೀರಿ ಅದನ್ನ ಹೇಳ್ರಿ."

"ಕಾರ್ಖಾನಿಗೆ ಪತ್ರ ಬರದೀನ್ರಿ. ನಿಮಗೂ ಒಂದು ಪ್ರತಿ ತಂದೀನಿ."

"ಹಂಗಾರ ಇಲ್ಲೇ ಓದ್ರಿ. ನನ್ನ ಮಗಳ ಮ್ಯಾಲ ಮಾತು ಬಂದದ್ದು ಈ ಬಾಕಲದಾಗ. ಹೋಗೂದೂ ಈ ಬಾಕಲದಾಗನ ಆಗ್ಲಿ. ಕನ್ನಡದಾಗ ಹೇಳ್ರಿ, ಎಲ್ಲಾರಿಗೂ ತಿಳೀಲಿ."

ನಾನು ಅಕ್ಕಿಯ ಚೀಲದ ಹಿಂದೆ ನಿಂತಿದ್ದೆ. ಅಪ್ಪಾಜಿ ಇಷ್ಟು ದೊಡ್ಡ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಸರ್ ಒದ್ದೆ ಕಾಗದ ಬಿಡಿಸಿ ಒಂದೊಂದೇ ಸಾಲನ್ನು ಕನ್ನಡ ಮಾಡಿ ಓದಿದರು. ತಪ್ಪು ತಮ್ಮದೆಂದು, ವಿಚಾರಿಸದೆ ನನ್ನನ್ನು ಕಳಿಸಿದ್ದು ಅನ್ಯಾಯವೆಂದು, ಔಷಧಕ್ಕೆ ಯಾರೂ ಏನೂ ಕೂಡಿಸಿರಲಿಲ್ಲವೆಂದು. ಕೊನೆಗೆ ಕಾಗದ ಮಡಚಿ, "ನೇತ್ರಾ, ತಪ್ಪಾತವ್ವಾ" ಅಂದರು. ಅದು ಕಾಗದದಲ್ಲಿ ಇರಲಿಲ್ಲ.

ಜನರ ನಡುವೆ ಮಂಗಿಬಾಯಿ ಇದ್ದಳು. ಕ್ಷಮೆ ಕೇಳಲಿಲ್ಲ. ಮುಂದೆ ಬಂದು, ಅಪ್ಪಾಜಿಯನ್ನು ಬಿಟ್ಟು ನನ್ನ ಕಡೆಗೇ ಕೈ ಚಾಚಿ, "ಹಾಲಿನ ಪುಡಿ ಡಬ್ಬಿ ಕೊಡವ್ವಾ, ನೀನ ತಗದ ಕೊಡು" ಅಂದಳು. ಕೊಟ್ಟೆ. ಅಪ್ಪಾಜಿ ಆಗ ತಕ್ಕಡಿ ಕೆಳಗಿಟ್ಟು, "ಬರ್ರಿ ಸರ್, ಒಳಗ ಬರ್ರಿ, ತೋಯಿಸ್ಕೊಂಡೀರಿ" ಎಂದು ಅವರಿಗೆ ಟವೆಲ್ ಕೊಟ್ಟರು. ಒಳಗೆ ಅವ್ವ ಚಹಾಕ್ಕೆ ಸಕ್ಕರೆ ಹಾಕುವುದನ್ನೇ ಮರೆತಿದ್ದಳು. ಸರ್ ಹಾಗೇ ಕುಡಿದರು.

ಕೆಲಸಕ್ಕೆ ವಾಪಸು ಬಾ ಅಂದರು. ಹಳೆಯ ಕುರ್ಚಿಗೆ ಬರುವುದಿಲ್ಲ ಅಂದೆ. ಪರೀಕ್ಷಕವನ್ನು ನೋಡಿಕೊಳ್ಳುವ ಕೆಲಸ ನಮ್ಮಿಬ್ಬರದು, ಅದು ಬೇಡ ಎಂದು ತಡೆದದ್ದನ್ನು ಹೊರಗೆ ಬಿಡುವ ಅಧಿಕಾರ ಅವರಿಗೂ ಇರಬಾರದು, ಹಾಗಿದ್ದರೆ ಬರುತ್ತೇನೆ ಎಂದೆ. ಅವರು ಅಪ್ಪಾಜಿಯ ಮುಖ ನೋಡಿದರು. ಅಪ್ಪಾಜಿ, "ಆಕಿನ್ನ ಕೇಳ್ರಿ, ನನಗೇನು ತಿಳೀತೈತಿ" ಅಂದರು. ಸರ್ ಒಪ್ಪಿದರು.

ಆ 'ಗೊತ್ತಿಲ್ರಿ' ಬಗ್ಗೆ ನೀನು ಮೊದಲ ಕಾಗದದಲ್ಲಿ ಬರೆದಿದ್ದೆ. ನಾನು ಅದಕ್ಕೆ ಉತ್ತರ ಬರೆದಿಲ್ಲ. ಸಿಕ್ಕಾಗ ಒಂದು ಸಲ ಚೆನ್ನಾಗಿ ಜಗಳವಾಡೋಣ. ಆಮೇಲೆ ಊಟ ಮಾಡೋಣ.

ನೇತ್ರಾ


ಕುಂಕಳ್ಳಿ
31 ಅಕ್ಟೋಬರ್ 2009

ಅಂಬಿ,

ನಾಡಿದ್ದು ಆಫೀಸಿನಲ್ಲಿ ಸಿಗುತ್ತೇವೆ, ಆದರೂ ಬರೆಯದೆ ಇರಲಾಗುತ್ತಿಲ್ಲ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೂತಿದ್ದೇನೆ. ನನ್ನ ಚಹಾದ ಸುತ್ತ ಇಲ್ಲಿಯ ಹೆಂಗಸರು ಗುಂಪುಗೂಡಿದ್ದಾರೆ, ಏನು ಬರೆಯುತ್ತಿದ್ದೇನೆಂದು ಇಣುಕುತ್ತಿದ್ದಾರೆ.

ಜುಲೈಯಿಂದ ಮುಂದೆ ಹೋಗುತ್ತಲೇ ಇದ್ದ ಮಾತ್ರೆ ಕೊನೆಗೂ ಶುರುವಾಯಿತು. ಗುರುವಾರ ಬೆಳಿಗ್ಗೆ ಎಲ್ಲ ಸಿದ್ಧವಾಗಿತ್ತು. ಕೊನೆ ಗಳಿಗೆಯಲ್ಲಿ ಕಾರ್ಖಾನೆಯ ಇಂಜಿನಿಯರು ಪ್ರೋಗ್ರಾಮಿಗೆ ಆರು ಸಾಲು ಸೇರಿಸಿದರು. ಅವುಗಳಲ್ಲಿ ಒಂದನ್ನು ಪರೀಕ್ಷಕ ಒಪ್ಪಲಿಲ್ಲ. ಅವರು ಸಿಟ್ಟಾದರು. "ನಾಲ್ಕು ಲಾರಿ ನಿಂತಾವ, ಮೇಡಂ. ಒಂದ ಸಾಲಿಗೆ ಇಷ್ಟ್ಯಾಕ?" ಅಂದರು. "ಲಾರಿ ನಿಲ್ಲಲಿ ರೀ" ಅಂದೆ. ಅವರು ಕೊರ್ಲಿಮ್‌ಗೆ ಫೋನ್ ಮಾಡಿ ಸರ್ ಹತ್ತಿರ ದೂರಿದರು. ಸರ್ ಏನಂದರು ಗೊತ್ತೇ? "ಆಕಿ ಬ್ಯಾಡಂದ್ರ ನಾನೂ ಏನೂ ಮಾಡಾಕ ಬರೂದಿಲ್ರಿ." ಇಂಜಿನಿಯರು ಕೂತು ಸಾಲನ್ನು ತಿರುಗಿಸಿ ಬರೆದರು. ಬರೆಯುತ್ತ ಬರೆಯುತ್ತ ತಾವೇ ಕೈ ನಿಲ್ಲಿಸಿದರು. ಹಾಗೇ ಬಿಟ್ಟಿದ್ದರೆ ಎರಡನೆಯ ಪ್ರಮಾಣದ ಲೇಬಲ್ ಹುಟ್ಟುತ್ತಲೇ ಇರಲಿಲ್ಲ. ನನ್ನ ಕಡೆ ನೋಡಿ ಒಂದು ಸಲ ತಲೆ ಬಾಗಿಸಿದರು.

ಮೂರು ದಿನ, ಎರಡೂ ಪ್ರಮಾಣ, ಎಂಬತ್ತು ಸಾವಿರ ಮಾತ್ರೆಯ ಸ್ಟ್ರಿಪ್. ಒಂದೂ ತಪ್ಪಿಲ್ಲ!

ಇಂದು ಮಧ್ಯಾಹ್ನ ಬೆಲ್ಟು ನಿಂತಾಗ ಪ್ಯಾಕಿಂಗಿನ ದಸ್ತಗೀರಬಿ ಎಂಬಾಕೆ ನನ್ನ ಬಳಿ ಬಂದಳು. ಹಾವೇರಿ ಕಡೆಯವಳು. ಐವತ್ತರ ಸುಮಾರು, ತಲೆಗೆ ನೀಲಿ ಟೊಪ್ಪಿಗೆ.

"ಹ್ವಾದ ವರ್ಷ ಸಿರಪ್ಪಿನ ಬೆಲ್ಟ್ ನಿಲ್ಲಿಸಿದಾಕಿ ನಾನ. ಕೈಯಾಗಿನ ಬಾಟಲಿ ನೋಡಿದ್ರ ಹುಡುಗರ ಔಷಧಕ್ಕ ದೊಡ್ಡೋರ ಚೀಟಿ. ಆ ಪ್ರೋಗ್ರಾಂ ಬರ್ದಾಕಿನ್ನ ಎಷ್ಟ್ ಬೈದೀನಿ ಅಂತೀರಿ!"

"ಆಕಿ ನಾನ ರೀ," ಅಂದೆ.

ಆಕೆ ಬಾಯಿ ಮೇಲೆ ಕೈಯಿಟ್ಟುಕೊಂಡಳು. ನಾನು ಎಲ್ಲ ಹೇಳಿದೆ, ನಿನ್ನನ್ನೂ ಸೇರಿಸಿ, ನಿನ್ನ ಅವ್ವನನ್ನೂ ಸೇರಿಸಿ. ಕೇಳಿ ಮುಗಿಸಿದವಳೇ ನನ್ನ ಮಣಿಕಟ್ಟು ಹಿಡಿದು ಬೆಲ್ಟಿನ ಉದ್ದಕ್ಕೂ ಎಳೆದುಕೊಂಡು ಹೋದಳು.

"ನೋಡ್ರೇ ಇಲ್ಲೆ! ನಾವು ಬೈದ ಹುಡುಗಿ ಇಕಿನ. ತಪ್ಪು ಮಾಡಿದಾಕಿ ಅಲ್ಲ, ತಪ್ಪು ಹಿಡದಾಕಿ!"

ಇಪ್ಪತ್ತೆರಡು ಹೆಂಗಸರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಲ್ಲರ ಕೈಯಲ್ಲೂ ರಬ್ಬರಿನ ಕೈಗವಸು. ಅಂಥ ಚಪ್ಪಾಳೆಯನ್ನು ನೀನು ಕೇಳಿರಲಿಕ್ಕಿಲ್ಲ, ಅಂಬಿ. ಮೆತ್ತಗೆ ಶುರುವಾಗಿ, ತಗಡಿನ ಛಾವಣಿಗೆ ಮಳೆ ಇಳಿದ ಹಾಗೆ ಜೋರಾಗಿ, ನಿಲ್ಲಲೇ ಇಲ್ಲ.

ನಿನ್ನ
ನೇತ್ರಾ